ಮೂಕಿ ಚಿತ್ರಕ್ಕೆ ದನಿಯಾಗಿದ್ದ ರೋಸಾ ರಿಯೊ

ಮೂಕಿ ಸಿನಿಮಾ ಎಂದು ನಾವು ಕರೆಯುತ್ತೇವಾದರೂ ಆ ಕಾಲದ ಚಿತ್ರಮಂದಿರಗಳು ಸುಮ್ಮನಿರುತ್ತಿರಲಿಲ್ಲ. ನಮ್ಮ ದೇಶದಲ್ಲಿ ಪರದೆಯ ಹತ್ತಿರ ಹಾರ್ಮೋನಿಯಂ, ತಬಲಾದವರು ಕೂರುತ್ತಿದ್ದರು. ಅಮೆರಿಕದಲ್ಲಿ ಅರಮನೆಯ ಹಾಗೆ ಕಟ್ಟಿದ ದೊಡ್ಡ ಚಿತ್ರಮಂದಿರಗಳಲ್ಲಿ ಆರ್ಗನ್ ಇರುತ್ತಿತ್ತು. ಅದನ್ನು ನುಡಿಸಿ ಬದುಕಿದ ರೋಸಾ ರಿಯೊ ಅವರ ಕತೆ ಇದು.

ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ರೀಡುಗಳನ್ನು ನುಡಿಸುತ್ತದೆ. ಈ ಆರ್ಗನ್ನಿನಲ್ಲಿ ವಿದ್ಯುತ್ ಬ್ಲೋವರ್ ಗಾಳಿಯನ್ನು ನೂರಾರು ಕೊಳವೆಗಳಿಗೆ ಒದಗಿಸುತ್ತದೆ. ಕೊಳವೆಗಳು ಗೋಡೆಯ ಹಿಂದಿನ ಕೋಣೆಗಳಲ್ಲಿರುತ್ತವೆ. ವುರ್ಲಿಟ್ಜರ್ ಕಂಪನಿಯ ಆರ್ಗನ್ನುಗಳಲ್ಲಿ ಡೋಲು, ಗಂಟೆ, ಕುದುರೆ ಗೊರಸಿನ ಸದ್ದೂ ಸೇರಿಕೊಂಡಿದ್ದವು. ಇಡೀ ವಾದ್ಯವೃಂದದ ಕೆಲಸವನ್ನು ಒಬ್ಬರೇ ಎರಡು ಕೈ, ಎರಡು ಕಾಲಿನಲ್ಲಿ ಮಾಡಬೇಕಿತ್ತು. ಕಣ್ಣು ಮಾತ್ರ ಪರದೆಯ ಮೇಲಿರಬೇಕಿತ್ತು.

ರೋಸಾ ಹುಟ್ಟಿದ್ದು 1902ರಲ್ಲಿ, ನ್ಯೂ ಆರ್ಲಿಯನ್ಸಿನಲ್ಲಿ. ಮೊದಲ ಹೆಸರು ಎಲಿಜಬೆತ್ ರಾಬ್. ಚಿತ್ರಮಂದಿರದ ಹೆಸರುಫಲಕದಲ್ಲಿ ಸುಲಭವಾಗಿ ಹಿಡಿಸಲಿ ಎಂದು ಚಿಕ್ಕ ಹೆಸರು ಇಟ್ಟುಕೊಂಡರು. ರೋಚೆಸ್ಟರಿನ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ಸಿನಿಮಾ ಆರ್ಗನ್ ಕಲಿತು, ಮುಂದೆ ತಮ್ಮೂರಿನ ಸೇಂಗರ್ ಥಿಯೇಟರಿನಲ್ಲೂ ನುಡಿಸಿದರು.

1927ರ ಅಕ್ಟೋಬರಿನಲ್ಲಿ ‘ದ ಜಾಝ್ ಸಿಂಗರ್’ ತೆರೆಕಂಡಿತು. ಅದರಲ್ಲಿ ಮಾತೂ ಹಾಡೂ ಇದ್ದವು. ಕೆಲವೇ ವರ್ಷಗಳಲ್ಲಿ ಟಾಕಿ ಚಿತ್ರಗಳು ಎಲ್ಲೆಡೆ ಹಬ್ಬಿದವು. ಸಂಗೀತ ಫಿಲ್ಮಿನ ಜೊತೆಗೇ ಬರತೊಡಗಿದ ಮೇಲೆ ಸಂಬಳ ಕೊಟ್ಟು ವಾದಕರನ್ನು ಇಟ್ಟುಕೊಳ್ಳುವವರು ಯಾರು? ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರ ಕೈಚಳಕದಲ್ಲಿ ಕೊರತೆಯೇನೂ ಇರಲಿಲ್ಲ.

ರೋಸಾ ಬ್ರೂಕ್ಲಿನ್ನಿನ ಫಾಕ್ಸ್ ಥಿಯೇಟರಿನಲ್ಲಿ ಕೆಲಕಾಲ ನುಡಿಸಿ, ಬಳಿಕ ರೇಡಿಯೊಗೆ ಹೋದರು. ರೇಡಿಯೊ ಧಾರಾವಾಹಿಗಳು ಆಗ ನೇರ ಪ್ರಸಾರವಾಗುತ್ತಿದ್ದವು. ಒಂದು ದೃಶ್ಯದಿಂದ ಇನ್ನೊಂದಕ್ಕೆ ಕೇಳುಗರನ್ನು ದಾಟಿಸಲು, ಭಯವನ್ನೋ ದುಃಖವನ್ನೋ ಮೂಡಿಸಲು ಆರ್ಗನ್ ಬೇಕಿತ್ತು. ಮಾತಿಲ್ಲದ ಚಿತ್ರಕ್ಕೆ ದನಿ ಕೊಟ್ಟವರು ಚಿತ್ರವಿಲ್ಲದ ಮಾತಿಗೆ ಸಂಗೀತ ಕೊಟ್ಟರು. ‘ದ ಶ್ಯಾಡೋ’ ಸೇರಿದಂತೆ ಹಲವು ಕಾರ್ಯಕ್ರಮಗಳಿಗೆ ನುಡಿಸಿದರು. ಆಮೇಲೆ ಟಿವಿ ಬಂತು, ಅಲ್ಲಿಯೂ ನುಡಿಸಿದರು. ಸಂಗೀತ ಪಾಠ ಹೇಳಿದರು. 1980ರ ದಶಕದಲ್ಲಿ ಹಳೆಯ ಮೂಕಿ ಚಿತ್ರಗಳು ವಿಡಿಯೊ ಕ್ಯಾಸೆಟ್ಟಾಗಿ ಬಂದಾಗ ನೂರಾರು ಚಿತ್ರಗಳಿಗೆ ಸಂಗೀತ ಕೂಡಿಸಿದರು.

ಕೊನೆಗೆ ಅವರು ನೆಲೆಸಿದ್ದು ಫ್ಲೋರಿಡಾದಲ್ಲಿ. ಅಲ್ಲಿನ ಟ್ಯಾಂಪಾ ಥಿಯೇಟರ್ 1926ರಲ್ಲಿ ತೆರೆದದ್ದು. ವಿನ್ಯಾಸ ಜಾನ್ ಎಬರ್ಸನ್ ಅವರದು. ಒಳಗೆ ಕುಳಿತರೆ ಮೇಲೆ ನಕ್ಷತ್ರ ಮಿನುಗುವ ಆಕಾಶ ಕಾಣುತ್ತದೆ. 1970ರ ದಶಕದಲ್ಲಿ ಕೆಡವುವ ಹಂತಕ್ಕೆ ಬಂದಿದ್ದ ಅದನ್ನು ಊರಿನವರೂ ನಗರಾಡಳಿತವೂ ಸೇರಿ ಉಳಿಸಿಕೊಂಡರು. ಹಿಂದೆ ಚರ್ಚೊಂದಕ್ಕೆ ಮಾರಿಹೋಗಿದ್ದ ಅಲ್ಲಿನ ವುರ್ಲಿಟ್ಜರ್ ಕೂಡ ವಾಪಸು ಬಂತು. ಆ ಆರ್ಗನ್ನಿನ ಮುಂದೆ ಕೂತು ರೋಸಾ ಮತ್ತೆ ಮೂಕಿ ಚಿತ್ರಗಳಿಗೆ ನುಡಿಸಿದರು. 2009ರಲ್ಲಿ, 107ನೇ ವಯಸ್ಸಿನಲ್ಲೂ ನುಡಿಸಿದರು. 2010ರ ಮೇ ತಿಂಗಳಲ್ಲಿ ತೀರಿಕೊಂಡಾಗ 108 ತುಂಬಲು ಕೆಲವೇ ವಾರ ಬಾಕಿಯಿತ್ತು.

ಕಾಲಕ್ಕೆ ತಕ್ಕಂತೆ ಬದಲಾದರೆ ಬದುಕಬಹುದು ಎಂದು ಈ ಕತೆಗೆ ನೀತಿ ಹಚ್ಚುವುದು ಸುಲಭ. ಆದರೆ ಅವರಷ್ಟೇ ಕಲಿತಿದ್ದ ಬಹಳ ಮಂದಿಗೆ ರೇಡಿಯೊ ಬಾಗಿಲು ತೆರೆಯಲಿಲ್ಲ. ಅವರ ಹೆಸರು ನಮಗೆ ಗೊತ್ತಿಲ್ಲ.

ನಮ್ಮ ತಾಲ್ಲೂಕುಗಳಲ್ಲೂ ಟಾಕೀಸುಗಳು ಮುಚ್ಚುತ್ತಿವೆ. ಕಟ್ಟಡ ಬಿದ್ದ ದಿನ ನಾವು ಎರಡು ಕಾಲಂ ಸುದ್ದಿ ಕಳಿಸುತ್ತೇವೆ, ಹಳೆಯ ಫೋಟೊ ಹುಡುಕುತ್ತೇವೆ. ರೀಲು ಓಡಿಸಿದ ಆಪರೇಟರ್, ಟಿಕೆಟ್ ಹರಿದವರು, ಗಾಡಿಯಲ್ಲಿ ಮೈಕು ಹಿಡಿದು ಊರೂರು ಕೂಗಿದವರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಕಟ್ಟಡ ಬೀಳುವ ಮೊದಲೇ ಅವರ ಮನೆಗೆ ಹೋಗಿ ಕೂತು ಕೇಳಿ ಬರೆದುಕೊಳ್ಳುವುದು ನಮ್ಮ ಕೆಲಸ.