ಗಂಟೆಯ ಹಗ್ಗ ಯಾರ ಕೈಲಿದೆ?

1962ರ ಅಕ್ಟೋಬರ್ 20ರ ಬೆಳಗಿನ ಜಾವ ಚೀನಾದ ಸೈನ್ಯ ಲಡಾಖ್‌ನಲ್ಲೂ, ಈಗ ಅರುಣಾಚಲ ಅಂತ ಕರೆಯೋ ನೇಫಾದಲ್ಲೂ ಒಟ್ಟಿಗೇ ನುಗ್ಗಿತು. ವಾರ ತುಂಬೋದ್ರೊಳಗೆ ತವಾಂಗ್ ನಮ್ಮ ಕೈತಪ್ಪಿತ್ತು. 26ಕ್ಕೆ ತುರ್ತು ಪರಿಸ್ಥಿತಿ ಘೋಷಣೆಯಾಯ್ತು. ಇಷ್ಟೆಲ್ಲ ಆಗುವಾಗ ಸಂಸತ್ತು ರಜೆಯಲ್ಲಿತ್ತು.

ಆಗ ವಾಜಪೇಯಿಯವರಿಗೆ 37 ವರ್ಷ. ಅದೇ ವರ್ಷ ಬಲರಾಂಪುರದಲ್ಲಿ ಲೋಕಸಭೆ ಚುನಾವಣೆ ಸೋತು, ರಾಜ್ಯಸಭೆಗೆ ಬಂದಿದ್ದರು. ಅಧಿವೇಶನದ ದಿನ ಬರೋತನಕ ಕಾಯೋದು ಬೇಡ, ಈಗಲೇ ಕರೀರಿ ಅಂತ ಪಟ್ಟು ಹಿಡಿದರು. ಲೆಕ್ಕ ನೋಡಿದರೆ ಇದು ಆಗೋ ಮಾತೇ ಅಲ್ಲ. ಲೋಕಸಭೆಯಲ್ಲಿ ಕಾಂಗ್ರೆಸ್ಸಿಗೆ 361 ಸೀಟು, ಜನಸಂಘಕ್ಕೆ 14. ನೆಹರೂ 'ಯುದ್ಧ ಮುಗೀಲಿ, ಆಮೇಲೆ ಮಾತಾಡೋಣ' ಅಂದಿದ್ದರೆ ಕೇಳೋರು ಯಾರೂ ಇರಲಿಲ್ಲ. ಆದರೆ ಅವರು ಒಪ್ಪಿದರು. ಚಳಿಗಾಲದ ಅಧಿವೇಶನ ನವೆಂಬರ್ 8ಕ್ಕೇ ಶುರುವಾಯ್ತು.

ಇಲ್ಲಿ ಸ್ವಲ್ಪ ನಿಯಮದ ಮಾತು. 'ರಜೆ' ಅನ್ನೋ ಒಂದೇ ಪದದಲ್ಲಿ ನಾವು ಎರಡು ಸ್ಥಿತಿಗಳನ್ನು ಸೇರಿಸಿಬಿಡ್ತೀವಿ. ಸದನವನ್ನು ಮುಂದೂಡಿದ್ದರೆ, ಅನಿರ್ದಿಷ್ಟ ಕಾಲಕ್ಕೇ ಮುಂದೂಡಿದ್ದರೂ, ಅದು ನಿಮ್ಮ ಲ್ಯಾಪ್‌ಟಾಪ್ ಸ್ಲೀಪ್‌ನಲ್ಲಿದ್ದ ಹಾಗೆ. ಸ್ಪೀಕರ್ ಮತ್ತೆ ಕರೀಬಹುದು. ಆದರೆ ರಾಷ್ಟ್ರಪತಿ ಅಧಿವೇಶನವನ್ನೇ ಮುಕ್ತಾಯಗೊಳಿಸಿದರೆ ಅದು ಶಟ್‌ಡೌನ್. ಆಮೇಲೆ ಸಂವಿಧಾನದ 85ನೇ ವಿಧಿಯಂತೆ ರಾಷ್ಟ್ರಪತಿಯೇ ಹೊಸದಾಗಿ ಕರೀಬೇಕು. ರಾಷ್ಟ್ರಪತಿ ಅಂದ್ರೆ ಮಂತ್ರಿಮಂಡಲ ಅಂತಲೇ ಓದ್ಕೊಳ್ಳಿ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಅನ್ನೋದೊಂದೇ ಸರ್ಕಾರಕ್ಕಿರೋ ಕಟ್ಟು. ಕರೆಯ ಪತ್ರ ಒಬ್ಬೊಬ್ಬ ಸದಸ್ಯನಿಗೂ ಹೋಗುತ್ತೆ. ತುರ್ತಾಗಿ ಕರೆಯೋದಾದ್ರೆ ಗೆಜೆಟ್‌ನಲ್ಲೂ ಪತ್ರಿಕೆಗಳಲ್ಲೂ ಪ್ರಕಟಿಸಿ, ತಂತಿ ಕೊಟ್ಟರೂ ಸಾಕು ಅಂತ ಲೋಕಸಭೆಯ ನಿಯಮ ಹೇಳುತ್ತೆ. ತಂತಿ ಸೇವೆ 2013ರಲ್ಲೇ ನಿಂತುಹೋಯ್ತು, ಅದು ಬೇರೆ ಮಾತು.

ಮತ್ತೆ 1962ಕ್ಕೆ ಬರೋಣ. ಸದನ ಸೇರುತ್ತೆ ಅಂದಾಗಲೇ ಅದರ ಬಿಸಿ ತಟ್ಟೋಕೆ ಶುರುವಾಗುತ್ತೆ. ಅಧಿವೇಶನದ ಹಿಂದಿನ ದಿನ, ನವೆಂಬರ್ 7ಕ್ಕೆ, ಕೃಷ್ಣ ಮೆನನ್ ಸಂಪುಟದಿಂದ ಹೊರಬಿದ್ದರು. ರಕ್ಷಣಾ ಖಾತೆ ಅವರ ಕೈಬಿಟ್ಟು ಆಗಲೇ ಒಂದು ವಾರವಾಗಿತ್ತು. ಅವರನ್ನು ಇಳಿಸಿದ್ದು ವಿರೋಧ ಪಕ್ಷಕ್ಕಿಂತ ಹೆಚ್ಚಾಗಿ ಕಾಂಗ್ರೆಸ್ಸಿಗರೇ. ಆದರೂ ಮೆನನ್ನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸದನವನ್ನು ಎದುರಿಸೋದು ನೆಹರೂಗೆ ಕಷ್ಟವಿತ್ತು ಅಂತ ನನಗನ್ನಿಸುತ್ತೆ. ಗುಪ್ತ ಕಲಾಪ ನಡೆಸೋಣ ಅಂತ ಎಲ್.ಎಂ. ಸಿಂಘ್ವಿ ಸಲಹೆ ಕೊಟ್ಟರು. ನೆಹರೂ ಬೇಡ ಅಂದರು. ಇದು ಇಡೀ ದೇಶಕ್ಕೆ ಸೇರಿದ ವಿಷಯ, ಬಾಗಿಲು ಹಾಕ್ಕೊಂಡು ಮಾತಾಡೋದಲ್ಲ ಅನ್ನೋದು ಅವರ ನಿಲುವು. ಲೋಕಸಭೆಯೊಂದರಲ್ಲೇ ನೂರೈವತ್ತಕ್ಕೂ ಹೆಚ್ಚು ಜನ ಮಾತಾಡಿದರು. ಸೈನಿಕರಿಗೆ ಸರಿಯಾದ ಬಂದೂಕಿಲ್ಲ, ಚಳಿಗೆ ಬೆಚ್ಚನೆ ಬಟ್ಟೆಯಿಲ್ಲ ಅಂತ ಪ್ರಧಾನಿಯ ಮುಖಕ್ಕೇ ಹೇಳಿದರು. ನವೆಂಬರ್ 14ಕ್ಕೆ, ನೆಹರೂ ಹುಟ್ಟಿದ ದಿನವೇ, ಎಲ್ಲರೂ ಎದ್ದು ನಿಂತು ನಿರ್ಣಯ ಅಂಗೀಕರಿಸಿದರು.

ಇದಾಗಿ ಐದು ದಿನಕ್ಕೆ ಬೊಮ್ದಿಲಾ ಬಿತ್ತು. ಹಾಗಂತ ಆ ಅಧಿವೇಶನ ವ್ಯರ್ಥ ಅನ್ನೋ ವಾದವನ್ನು ನಾನು ಒಪ್ಪಲ್ಲ. ಸಂಸತ್ತು ಸೇರೋದು ಯುದ್ಧ ಗೆಲ್ಲೋಕಲ್ಲ, ಲೆಕ್ಕ ಕೇಳೋಕೆ.

37 ವರ್ಷ ಮುಂದೆ ಬನ್ನಿ. 1999ರ ಏಪ್ರಿಲ್‌ನಲ್ಲಿ ಒಂದೇ ಒಂದು ಮತದಿಂದ ಸರ್ಕಾರ ಬಿದ್ದು, ಲೋಕಸಭೆ ವಿಸರ್ಜನೆಯಾಗಿತ್ತು. ಮೇ ತಿಂಗಳಲ್ಲಿ ಕಾರ್ಗಿಲ್ ಶುರು. ಲೋಕಸಭೆ ಇಲ್ಲದಿದ್ದರೂ ರಾಜ್ಯಸಭೆ ಇತ್ತಲ್ಲ, ಅದು ಯಾವತ್ತೂ ವಿಸರ್ಜನೆಯಾಗೋದಿಲ್ಲ. 1977ರಲ್ಲೂ 1991ರಲ್ಲೂ ಲೋಕಸಭೆ ಇಲ್ಲದಾಗ ಅದೊಂದೇ ಸೇರಿದ ಉದಾಹರಣೆಯೂ ಇತ್ತು. ರಾಜ್ಯಸಭೆ ಕರೀರಿ ಅಂತ ಕಾಂಗ್ರೆಸ್ ಮತ್ತಿತರ ವಿರೋಧ ಪಕ್ಷಗಳು ಕೇಳಿದವು. ಸರ್ಕಾರ ಕರೀಲಿಲ್ಲ. ಸರ್ವಪಕ್ಷ ಸಭೆ ನಡೆಸಿ ಸುಮ್ಮನಾಯ್ತು. ಪ್ರಧಾನಿ ಯಾರು ಗೊತ್ತಲ್ಲ? ವಾಜಪೇಯಿ.

ವಾಜಪೇಯಿ ದೊಡ್ಡವರೋ ನೆಹರೂ ದೊಡ್ಡವರೋ ಅಂತ ಜಗಳಕ್ಕೆ ಇದನ್ನು ಹೇಳ್ತಿಲ್ಲ. ವಾಟ್ಸಾಪ್‌ನಲ್ಲಿ ಅದು ದಿನಾ ನಡೆಯುತ್ತೆ. ಒಬ್ಬರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ; ಎರಡೂ ಸಲ ತೀರ್ಮಾನ ಪ್ರಧಾನಿಯ ಮನಸ್ಸಿಗೇ ಬಿಟ್ಟಿದ್ದಾಗಿತ್ತು. ನನಗೆ ಕಸಿವಿಸಿಯಾಗೋದು ಅದು. ನಮ್ಮೂರ ಗ್ರಾಮ ಪಂಚಾಯ್ತಿಯಲ್ಲಿ ಮೂರನೇ ಒಂದು ಭಾಗ ಸದಸ್ಯರು ಬರೆದುಕೊಟ್ಟರೆ ಅಧ್ಯಕ್ಷರು ವಿಶೇಷ ಸಭೆ ಕರೀಲೇಬೇಕು, ಕರ್ನಾಟಕದ ಕಾಯ್ದೆಯಲ್ಲೇ ಇದೆ. ಚರಂಡಿ ವಿಷಯಕ್ಕೆ ಪಂಚಾಯ್ತಿ ಸದಸ್ಯನಿಗಿರೋ ಈ ಹಕ್ಕು ಯುದ್ಧದ ವಿಷಯಕ್ಕೆ ಸಂಸದನಿಗಿಲ್ಲ!

ಈ ಅನುಮಾನ ಸಂವಿಧಾನ ಬರೆಯುವಾಗಲೇ ಬಂದಿತ್ತು. 1949ರ ಮೇ ತಿಂಗಳಲ್ಲಿ ಕೆ.ಟಿ. ಷಾ ಎದ್ದು ನಿಂತು, ಸರ್ಕಾರ ಕರೆಯದಿದ್ದರೆ ಸದನದ ಅಧ್ಯಕ್ಷರಿಗೇ ಕರೆಯೋ ಅಧಿಕಾರ ಇರಲಿ ಅಂದರು. ಅಂಬೇಡ್ಕರ್ ಒಪ್ಪಲಿಲ್ಲ. ಅಧಿವೇಶನಗಳು ಎಷ್ಟು ಸಲ, ಎಷ್ಟು ದಿನ ನಡೆಯುತ್ತವೆಂದರೆ ಸದಸ್ಯರಿಗೇ ಸಾಕುಸಾಕಾಗಬಹುದು ಅನ್ನೋದು ಅವರ ಅಂದಾಜಾಗಿತ್ತು. ಅಂಬೇಡ್ಕರರ ಊಹೆ ಇಷ್ಟು ತಲೆಕೆಳಗಾದ ಜಾಗ ಸಂವಿಧಾನದಲ್ಲಿ ಇನ್ನೊಂದಿರಲಿಕ್ಕಿಲ್ಲ.

ಒಂದೇ ಒಂದು ಕಡೆ ಮಾತ್ರ ಹಗ್ಗದ ತುದಿ ಸದಸ್ಯರ ಕೈಗೆ ಸಿಕ್ಕಿದೆ, ಅದೂ ಪೆಟ್ಟು ತಿಂದ ಮೇಲೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಹೇರಿದಾಗ ಸಂಸತ್ತು ಸೇರಿದ್ದು ಜುಲೈ 21ಕ್ಕೆ. ಅಷ್ಟರಲ್ಲಿ ವಿರೋಧ ಪಕ್ಷದ ಎಷ್ಟೋ ಸಂಸದರು ಜೈಲಲ್ಲಿದ್ದರು. ಆಮೇಲೆ ಬಂದ ಜನತಾ ಸರ್ಕಾರ 44ನೇ ತಿದ್ದುಪಡಿ ಮಾಡಿ 352ನೇ ವಿಧಿಗೆ ಒಂದು ಉಪವಿಧಿ ಸೇರಿಸಿತು. ತುರ್ತು ಪರಿಸ್ಥಿತಿಯನ್ನು ತಿರಸ್ಕರಿಸಬೇಕು ಅಂತ ಲೋಕಸಭೆಯ ಹತ್ತನೇ ಒಂದು ಭಾಗ ಸದಸ್ಯರು ಬರೆದುಕೊಟ್ಟರೆ 14 ದಿನದೊಳಗೆ ವಿಶೇಷ ಸಭೆ ನಡೆಯಲೇಬೇಕು. ಸದನ ನಡೀತಿದ್ದರೆ ಪತ್ರ ಸ್ಪೀಕರ್‌ಗೆ, ಇಲ್ಲದಿದ್ದರೆ ರಾಷ್ಟ್ರಪತಿಗೆ. 543ರ ಸದನದಲ್ಲಿ 55 ಸಹಿ ಸಾಕು. ಆ ಉಪವಿಧಿ ಬಂದ ಮೇಲೆ 352ನೇ ವಿಧಿಯಡಿ ತುರ್ತು ಪರಿಸ್ಥಿತಿ ಘೋಷಣೆ ಒಮ್ಮೆಯೂ ಆಗಿಲ್ಲ, ಹಾಗಾಗಿ ಆ 55 ಸಹಿಯ ಪತ್ರವನ್ನು ಇವತ್ತಿನವರೆಗೂ ಯಾರೂ ಬರೆದಿಲ್ಲ.