ಡ್ಯುವೆಟ್: ಹೊದಿಕೆಯ ಬಿಸುಪಿಗೆ ಅಳತೆ ಬಂದ ಬಗೆ

ಹಕ್ಕಿಯ ತುಪ್ಪುಳವನ್ನೋ ಕೃತಕ ನಾರನ್ನೋ ತುಂಬಿ ಹೊಲಿದು, ತೊಳೆಯಲು ಬರುವ ಬಟ್ಟೆಯ ಗವಸಿನೊಳಗಿಟ್ಟು ಬಳಸುವ ದಪ್ಪನೆಯ ಆದರೆ ಹಗುರವಾದ ಹೊದಿಕೆಗೆ ಡ್ಯುವೆಟ್ ಎನ್ನುತ್ತಾರೆ. ಜರ್ಮನಿ, ಸ್ಕ್ಯಾಂಡಿನೇವಿಯಾ ಮತ್ತು ಮಧ್ಯ ಯುರೋಪಿನ ಮನೆಗಳಲ್ಲಿ ಶತಮಾನಗಳಿಂದ ಬಳಕೆಯಲ್ಲಿದ್ದ ಈ ಹೊದಿಕೆ, ಚಳಿಯ ನಾಡೇ ಆದ ಬ್ರಿಟನ್ನಿನಲ್ಲಿ ಮನೆಮಾತಾದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ಮೇಲುಹಾಸು ಮತ್ತು ಕಂಬಳಿಗಳನ್ನು ಪದರಪದರವಾಗಿ ಹೊದೆಯುವವರು ತಮಗೆಷ್ಟು ಬಿಸುಪು ಬೇಕೆಂಬುದನ್ನು ಪ್ರತಿ ರಾತ್ರಿಯೂ ಹೊಸದಾಗಿ ತೀರ್ಮಾನಿಸಬಲ್ಲರು. ಡ್ಯುವೆಟ್ಟಿನಲ್ಲಾದರೋ ಆ ತೀರ್ಮಾನ ಅದನ್ನು ತುಂಬಿ ಹೊಲಿಯುವಾಗಲೇ ಆಗಿಹೋಗಿರುತ್ತದೆ. ಸರಿಯಾದ ಡ್ಯುವೆಟ್ಟನ್ನು ಆರಿಸುವುದೆಂಬ ಸಮಸ್ಯೆ ಹುಟ್ಟಿದ್ದು ಈ ವ್ಯತ್ಯಾಸದಿಂದ.

ಈ ಹೊದಿಕೆಯ ಗುಣವೆಲ್ಲ ಅಡಗಿರುವುದು ತುಪ್ಪುಳದಲ್ಲಿ. ಬಾತು, ಹೆಬ್ಬಾತುಗಳ ಹೊರಗರಿಯ ಅಡಿಯಲ್ಲಿ ಬೆಳೆಯುವ, ಗಟ್ಟಿ ದಂಟಿಲ್ಲದ ಈ ಮೃದು ಎಳೆಗಳು ತಮ್ಮ ನಡುವೆ ಗಾಳಿಯನ್ನು ಅಲುಗದಂತೆ ಹಿಡಿದಿಡುತ್ತವೆ. ನಿಂತ ಗಾಳಿಯ ಮೂಲಕ ಶಾಖ ಸುಲಭವಾಗಿ ಹಾಯಲಾರದಾದ್ದರಿಂದ ಮೈಯ ಬಿಸಿ ಒಳಗೇ ಉಳಿಯುತ್ತದೆ. ತುಪ್ಪುಳಗಳಲ್ಲಿ ಅತ್ಯಂತ ಶ್ರೇಷ್ಠವೆನಿಸಿರುವುದು ಉತ್ತರ ಸಮುದ್ರತೀರಗಳ ಐಡರ್ ಬಾತಿನದು. ಹೆಣ್ಣು ಐಡರ್ ತನ್ನ ಎದೆಯ ತುಪ್ಪುಳವನ್ನೇ ಗೂಡಿಗೆ ಹಾಸುತ್ತದೆ. ಐಸ್‌ಲ್ಯಾಂಡಿನ ತೀರದ ರೈತರು ನರಿಗಳಿಂದ ಈ ಗೂಡುಗಳನ್ನು ಕಾಯುತ್ತ ಬಂದು, ಅದಕ್ಕೆ ಪ್ರತಿಯಾಗಿ ತುಪ್ಪುಳವನ್ನು ಕೈಯಿಂದ ಎತ್ತಿಕೊಳ್ಳುತ್ತಾರೆ. ಒಂದು ಕಿಲೋ ತುಪ್ಪುಳಕ್ಕೆ ಸುಮಾರು 60 ಗೂಡುಗಳು ಬೇಕಾಗುವುದರಿಂದ ಇದು ಎಂದೂ ಬಡವರ ವಸ್ತುವಾಗಲಿಲ್ಲ. ಇಂಗ್ಲೆಂಡಿನ ಈಶಾನ್ಯ ತೀರದ ಫಾರ್ನ್ ದ್ವೀಪಗಳಲ್ಲಿ 7ನೇ ಶತಮಾನದ ಸಂತ ಕತ್‌ಬರ್ಟ್ ಈ ಬಾತುಗಳಿಗೆ ರಕ್ಷಣೆ ನೀಡಿದನೆಂಬ ಐತಿಹ್ಯವೂ ಇದೆ.

ಮಧ್ಯ ಯುರೋಪಿನ ರೈತಾಪಿ ಮನೆಗಳ ಹೊದಿಕೆಗೆ ಒದಗಿದ್ದು ಸಾಕು ಹೆಬ್ಬಾತು. ಪೋಲೆಂಡ್, ಬೊಹೀಮಿಯಾ ಮೊದಲಾದ ಕಡೆ ಚಳಿಗಾಲದ ಸಂಜೆಗಳಲ್ಲಿ ಹೆಂಗಸರು ಒಂದೆಡೆ ಕಲೆತು, ಗರಿಗಳ ಗಟ್ಟಿ ದಂಟನ್ನು ಬಿಟ್ಟು ಮೃದುಭಾಗವನ್ನು ಮಾತ್ರ ಬಿಡಿಸಿಡುತ್ತಿದ್ದರು. ಹೀಗೆ ಕೂಡಿಟ್ಟ ತುಪ್ಪುಳ, ಗರಿಗಳಿಂದ ತಯಾರಾದ ಹೊದಿಕೆ ಮತ್ತು ದಿಂಬುಗಳು ಮದುಮಗಳ ಬಳುವಳಿಯಲ್ಲಿ ಸೇರುತ್ತಿದ್ದವು. ಹೊದಿಕೆಯಲ್ಲಿ ಎಷ್ಟು ತುಂಬಬೇಕೆಂಬುದನ್ನು ಮನೆಯ ಅನುಭವ ಮತ್ತು ಸಾಕಿದ ಹಕ್ಕಿಗಳ ಸಂಖ್ಯೆ ನಿರ್ಧರಿಸುತ್ತಿದ್ದವೇ ಹೊರತು ಅದಕ್ಕೆ ಬೇರೆ ಅಳತೆಯ ಅಗತ್ಯವಿರಲಿಲ್ಲ.

ಇಂಗ್ಲಿಷರಿಗೆ ಇದನ್ನು ಪರಿಚಯಿಸಲು ಮೊದಲು ಯತ್ನಿಸಿದವರಲ್ಲಿ ಹ್ಯಾಂಬರ್ಗಿನಲ್ಲಿ ಇಂಗ್ಲೆಂಡಿನ ಪ್ರತಿನಿಧಿಯಾಗಿದ್ದ ಪಾಲ್ ರೈಕಾಟ್ ಒಬ್ಬ. 17ನೇ ಶತಮಾನದ ಕೊನೆಯಲ್ಲಿ ಆತ ಸ್ನೇಹಿತರಿಗೆ 6 ಪೌಂಡ್ ತೂಕದ ಐಡರ್ ತುಪ್ಪುಳದ ಚೀಲಗಳನ್ನು ಕಳುಹಿಸಿ, ಹೊದಿಕೆಯನ್ನು ದೊಡ್ಡ ಚೌಕಗಳಾಗಿ, ಉಬ್ಬಿ ನಿಲ್ಲುವಂತೆ ಹೊಲಿಸದಿದ್ದರೆ ಅದು ಬೆಚ್ಚಗಾಗದೆಂದು ಎಚ್ಚರಿಸಿದ್ದ. ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಸೀರೆಗಳ ಪದರಗಳನ್ನು ಒತ್ತೊತ್ತಾದ ಹೊಲಿಗೆಯಿಂದ ಬಿಗಿಯುವುದೇ ಬಾಳಿಕೆಯ ಗುಟ್ಟಾದರೆ, ತುಪ್ಪುಳದ ಹೊದಿಕೆಗೆ ಅಂತಹ ಹೊಲಿಗೆಯೇ ಕೇಡು, ಏಕೆಂದರೆ ದಾರ ಬಿಗಿದಲ್ಲೆಲ್ಲ ಗಾಳಿಗೆ ಎಡೆಯಿಲ್ಲದಾಗಿ ಶಾಖ ಹೊರಹೋಗುತ್ತದೆ. ಮೇಲಿನ ಮತ್ತು ಕೆಳಗಿನ ಬಟ್ಟೆಗಳ ನಡುವೆ ಕಿರುಗೋಡೆಯಂತೆ ಪಟ್ಟಿಗಳನ್ನು ಹೊಲಿದು ಚೌಕಗಳನ್ನು ರಚಿಸುವ ಈಗಿನ ಪದ್ಧತಿ ಇದೇ ತೊಂದರೆಗೆ ಪರಿಹಾರವಾಗಿದೆ.

ರೈಕಾಟನ ಉತ್ಸಾಹ ಅವನ ನಾಡಿಗೆ ಹಬ್ಬಲಿಲ್ಲ. 1749ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಥಾಮಸ್ ನ್ಯೂಜೆಂಟ್, ವೆಸ್ಟ್‌ಫಾಲಿಯದ ಜನ ಕಂಬಳಿಗಳ ಬದಲು ಮೈಯಡಿಯಲ್ಲೊಂದು, ಮೈಮೇಲೊಂದು ಗರಿಹಾಸಿಗೆಯನ್ನಿಟ್ಟುಕೊಳ್ಳುವುದನ್ನು ದಾಖಲಿಸಿ, ಚಳಿಗಾಲಕ್ಕೆ ಇದು ಒಪ್ಪುವಂಥದಾದರೂ ಬೇಸಿಗೆಯಲ್ಲಿ ಅದನ್ನು ಹೇಗೆ ತಾಳುತ್ತಾರೋ ತಿಳಿಯದೆಂದು ಬೆರಗಾದ. ಪದರಗಳನ್ನು ತೆಗೆದು ಹಾಕಿ ಹೊಂದಿಸಿಕೊಳ್ಳುವ ರೂಢಿಯವನಿಗೆ ಒಂದೇ ಬಿಸುಪಿನ ಹೊದಿಕೆ ಅಸಹಜವಾಗಿ ಕಂಡದ್ದು ಸಹಜವೇ ಆಗಿತ್ತು.

ಬ್ರಿಟನ್ನಿನ ಮನಸ್ಸು ಬದಲಾದದ್ದಕ್ಕೆ ಬಿಸುಪಿಗಿಂತ ಅನುಕೂಲವೇ ಹೆಚ್ಚಿನ ಕಾರಣ. ಸ್ವೀಡನ್ನಿನಲ್ಲಿ ಡ್ಯುವೆಟ್ಟಿನ ಬಳಕೆಯನ್ನು ಕಂಡಿದ್ದ ವಿನ್ಯಾಸಕಾರ ಟೆರೆನ್ಸ್ ಕಾನ್‌ರನ್, 1964ರಲ್ಲಿ ಲಂಡನ್ನಿನ ಫುಲ್‌ಹ್ಯಾಮ್ ರಸ್ತೆಯಲ್ಲಿ ತೆರೆದ ಹ್ಯಾಬಿಟ್ಯಾಟ್ ಎಂಬ ಅಂಗಡಿಯಲ್ಲಿ ಅದನ್ನು ಮಾರಾಟಕ್ಕಿಟ್ಟು, ಹತ್ತು ಸೆಕೆಂಡಿನಲ್ಲಿ ಹಾಸಿಗೆಯನ್ನು ಅಣಿಗೊಳಿಸಬಹುದೆಂದು ಪ್ರಚಾರ ಮಾಡಿದರು. ಮೇಲುಹಾಸು, ಕಂಬಳಿಗಳ ಅಂಚುಗಳನ್ನು ದಿನವೂ ಮಡಿಚಿ ಸಿಕ್ಕಿಸುವ ಕೆಲಸದಿಂದ ಬಿಡುಗಡೆ ಬಯಸಿದವರಿಗೆ ಇದು ಹಿಡಿಸಿತು. ಮುಂದೆ ಇಡೀ ಮನೆಯನ್ನು ಬಿಸಿಯಾಗಿಡುವ ವ್ಯವಸ್ಥೆ ಹರಡಿದ್ದು ಹಾಗೂ ಒಗೆಯಲು ಸುಲಭವಾದ, ಅಗ್ಗದ ಪಾಲಿಯೆಸ್ಟರ್ ನಾರು ತುಪ್ಪುಳಕ್ಕೆ ಬದಲಿಯಾಗಿ ಬಂದದ್ದು ಅದರ ಹರಡುವಿಕೆಗೆ ನೆರವಾದವು.

ಆದರೆ ಮನೆಯಲ್ಲಿ ತುಂಬುವ ಹೊದಿಕೆ ಅಂಗಡಿಯ ಸರಕಾದಾಗ, ತೂಕವನ್ನೋ ದಪ್ಪವನ್ನೋ ನೋಡಿ ಬಿಸುಪನ್ನು ಊಹಿಸುವುದು ಸಾಧ್ಯವಿರಲಿಲ್ಲ, ಏಕೆಂದರೆ ಹಗುರವಾದ ತುಪ್ಪುಳ ಭಾರವಾದ ನಾರಿಗಿಂತ ಬೆಚ್ಚಗಿರಬಲ್ಲದು. ಈ ಕೊರತೆಯನ್ನು ತುಂಬಿದ್ದು, ಮ್ಯಾಂಚೆಸ್ಟರಿನ ಜವಳಿ ಸಂಶೋಧನಾ ಸಂಸ್ಥೆಯಾದ ಶರ್ಲಿ ಇನ್‌ಸ್ಟಿಟ್ಯೂಟಿನಲ್ಲಿ 1940ರ ದಶಕದಲ್ಲಿ ರೂಪುಗೊಂಡ ಟಾಗ್ ಎಂಬ ಮಾನ. ಶಾಖದ ಹರಿವಿಗೆ ಬಟ್ಟೆ ಒಡ್ಡುವ ತಡೆಯೇ ಟಾಗ್: ಪ್ರತಿ ಚದರ ಮೀಟರಿಗೆ ಒಂದು ವ್ಯಾಟ್ ಶಾಖ ಹಾಯುವಾಗ ಬಟ್ಟೆಯ ಎರಡು ಮೈಗಳ ನಡುವೆ 0.1 ಡಿಗ್ರಿ ಸೆಲ್ಸಿಯಸ್ ಅಂತರವಿದ್ದರೆ ಅದು ಒಂದು ಟಾಗ್. ಬ್ರಿಟನ್ನಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಬೇಸಿಗೆಗೆ 4.5 ಟಾಗ್‌ವರೆಗೆ, ನಡುಗಾಲಕ್ಕೆ 9ರಿಂದ 10.5, ಚಳಿಗಾಲಕ್ಕೆ 13.5ರ ಆಸುಪಾಸಿನ ಡ್ಯುವೆಟ್ಟುಗಳನ್ನು ಸೂಚಿಸುವ ವಾಡಿಕೆಯಿದೆ. ಓದು, ಉದ್ಯೋಗಗಳಿಗಾಗಿ ಅಲ್ಲಿ ನೆಲೆಸುವ ಕನ್ನಡಿಗರೂ ಹಾಸಿಗೆ ಕೊಳ್ಳುವಾಗ ಈ ಅಂಕಿಗಳನ್ನು ಎದುರಿಸಬೇಕಾಗುತ್ತದೆ.

ಹೀಗಿದ್ದರೂ ಟಾಗ್ ಹೇಳುವುದು ಬಟ್ಟೆಯ ಗುಣವನ್ನೇ ಹೊರತು ಮಲಗುವವರ ಮೈಯನ್ನಲ್ಲ. ಕೋಣೆಯ ಉಷ್ಣತೆ, ವಯಸ್ಸು, ಬೆವರುವ ಸ್ವಭಾವ, ಹಾಸಿಗೆಯಲ್ಲಿ ಮಲಗುವವರು ಒಬ್ಬರೋ ಇಬ್ಬರೋ ಎಂಬುವು ಆ ಅಂಕಿಯ ಹೊರಗುಳಿಯುತ್ತವೆ. ಒಂದು ವರ್ಷ ತುಂಬದ ಶಿಶುಗಳಿಗಂತೂ ಯಾವ ಟಾಗ್‌ನ ಡ್ಯುವೆಟ್ಟೂ ಸಲ್ಲದೆಂಬುದು ಅಲ್ಲಿನ ವೈದ್ಯಕೀಯ ಸಲಹೆ. ನ್ಯೂಜೆಂಟನ ಪ್ರಶ್ನೆಗೆ ಮಾರುಕಟ್ಟೆ ಕಂಡುಕೊಂಡ ಉತ್ತರವೆಂದರೆ, 4.5 ಮತ್ತು 9 ಟಾಗ್‌ನ ಎರಡು ಹೊದಿಕೆಗಳನ್ನು ಗುಂಡಿ ಹಾಕಿ ಜೋಡಿಸಿ 13.5 ಮಾಡಿಕೊಳ್ಳುವ, ಬೇಕೆಂದಾಗ ಬೇರ್ಪಡಿಸುವ ಸರ್ವಋತು ಡ್ಯುವೆಟ್. ಕಂಬಳಿಯ ಕಾಲದಲ್ಲಿ ಮಲಗುವವರ ಕೈಯಲ್ಲಿದ್ದ ಪದರಗಳ ಆಯ್ಕೆಯನ್ನು ಒಂದೇ ಹೊದಿಕೆಯ ಅನುಕೂಲಕ್ಕಾಗಿ ಬಿಟ್ಟುಕೊಟ್ಟ ಸಮಾಜ, ಈ ಬಗೆಯಲ್ಲಿ ಅದರ ಒಂದಂಶವನ್ನು ಮರಳಿ ಪಡೆದುಕೊಂಡಿದೆ.