ಕಾರ್ಮೆಲ್ ಮಠದ ಎರಡು ಬಾಗಿಲುಗಳು

ಹೆಜಮಾಡಿಯಿಂದ ಶಾಂಭವೀ ನದಿಯನ್ನು ದಾಟಿ, ಮೂಲ್ಕಿ ಸುರತ್ಕಲ್ಲುಗಳ ಮಾರ್ಗವಾಗಿ ಮಂಗಳೂರಿಗೆ ಹೋಗುವವರಿಗೆ ದೇವಾಲಯ ಮಸೀದಿಗಳೊಡನೆ ಇಗರ್ಜಿಗಳೂ ಕಾಣಸಿಗುತ್ತವೆ. ಇಗರ್ಜಿ ಎಂಬ ಮಾತೇ ಪೋರ್ತುಗೀಸರಿಂದ ಬಂದುದು. ಪಾದ್ರಿ ಎಂಬುದೂ ಹಾಗೆಯೇ. ಮಂಗಳೂರಿನ ರೊಸಾರಿಯೊ ಇಗರ್ಜಿಯ ಮೂಲಸ್ಥಾಪನೆ 1568ರದು. ಆದರೆ ಇಂದು ಅಲ್ಲಿ ಕಾಣುವ ಗೋಡೆಗಳು ಅಷ್ಟು ಹಳೆಯವಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಿಂದ ಈ ಕರಾವಳಿಯ ಕ್ರೈಸ್ತರು ಸೆರೆಯಾಗಿ ಘಟ್ಟವನ್ನು ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಅವರ ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಆ ಪಟ್ಟಣವು ಬಿದ್ದ ತರುವಾಯ ಉಳಿದವರು ಹಿಂದಿರುಗಿ, ಮನೆಯನ್ನೂ ಇಗರ್ಜಿಯನ್ನೂ ಮತ್ತೊಮ್ಮೆ ಕಟ್ಟಿದರು.

ಹೀಗೆ ಮರಳಿ ಕಟ್ಟಿಕೊಂಡ ಊರಿಗೆ 1870ರಲ್ಲಿ, ಕಾರ್ಮೆಲ್ ಸಭೆಯ ಬಿಷಪ್ ಮರೀ ಎಫ್ರೆಮರ ಪ್ರಯತ್ನದಿಂದ, ಫ್ರಾನ್ಸಿನಿಂದ ಎರಡು ಬಗೆಯ ಸನ್ಯಾಸಿನಿಯರು ಬಂದರು. ಒಂದು ಗುಂಪಿನವರು ಶಾಲೆಯನ್ನು ನಡೆಸಬೇಕೆಂದು ಬಂದವರು; ಇನ್ನೊಂದು ಗುಂಪಿನವರು ಬಾಗಿಲನ್ನು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂದು ಬಂದವರು. ಮೊದಲಿನವರ ಕಥೆಯನ್ನು ಮಂಗಳೂರು ಚೆನ್ನಾಗಿ ಬಲ್ಲುದು. ಎರಡನೆಯವರದು ಅಷ್ಟಾಗಿ ಕಿವಿಗೆ ಬಿದ್ದುದಲ್ಲ.

ಏಕಾಂತ ಮಠವನ್ನು ನೋಡಹೋಗುವವನು ಇಗರ್ಜಿಯನ್ನು ನೋಡಿದಂತೆ ಅದನ್ನು ನೋಡಲಾರನು. ಪ್ರಾರ್ಥನಾಮಂದಿರದಲ್ಲಿ ಕುಳಿತುಕೊಳ್ಳಬಹುದು, ಕಂಬಿಗಳ ಆಚೆಯಿಂದ ಬರುವ ಸ್ತೋತ್ರದ ಧ್ವನಿಯನ್ನು ಕೇಳಬಹುದು. ಅದರಿಂದ ಮುಂದಕ್ಕೆ ಅನ್ಯರಿಗೆ ಪ್ರವೇಶವಿಲ್ಲ. 1562ರಲ್ಲಿ ಸ್ಪೇನ್ ದೇಶದ ಆವಿಲಾ ಪಟ್ಟಣದಲ್ಲಿ ತೆರೇಸಾ ಎಂಬ ಸಾಧ್ವಿಯು ಈ ಸಭೆಯನ್ನು ಸುಧಾರಿಸಿದಾಗ ಮೌನ, ಬಡತನ, ಕೈದುಡಿಮೆ, ಪ್ರಾರ್ಥನೆಗಳನ್ನು ಕಟ್ಟುನಿಟ್ಟಾಗಿ ವಿಧಿಸಿ, ಮಠಗಳು ಚಿಕ್ಕವಾಗಿಯೇ ಇರಬೇಕೆಂದು ಬಯಸಿದಳು. ಅದೇ ಕ್ರಮವು ಮಂಗಳೂರಿಗೂ ಬಂದಿತು.

ಅದು ಸುಖವಾಗಿ ಬರಲಿಲ್ಲ. 1870ರ ಆಗಸ್ಟ್ 21ರಂದು ಪೋ ಎಂಬ ಪಟ್ಟಣದ ಮಠದಿಂದ ಹೊರಟ ಸನ್ಯಾಸಿನಿಯರಲ್ಲಿ ಮೂವರು ಇಲ್ಲಿಯ ಮಠಜೀವನವು ಆರಂಭವಾಗುವ ಮುನ್ನವೇ ತೀರಿಕೊಂಡರು. ಫ್ರಾನ್ಸಿನಿಂದ ಬೇರೆ ಸೋದರಿಯರು ಬಂದು ಸೇರಿದ ಮೇಲೆ, ಆ ವರ್ಷದ ಕೊನೆಗೆ ಏಕಾಂತವ್ರತವು ಮೊದಲಾಯಿತು.

ಬದುಕಿ ಬಂದವರಲ್ಲಿ ಮರಿಯಂ ಬವಾರ್ದಿ ಎಂಬಾಕೆ ಒಬ್ಬಳು. ಆಕೆ ಫ್ರೆಂಚಳಲ್ಲ, 1846ರಲ್ಲಿ ಪ್ಯಾಲೆಸ್ತೀನಿನ ಗಲಿಲೇಯ ಸೀಮೆಯ ಇಬಿಲ್ಲೀನ್ ಗ್ರಾಮದಲ್ಲಿ ಹುಟ್ಟಿದ ಅರಬ್ ಹೆಣ್ಣುಮಗಳು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಪರರ ಮನೆಗಳಲ್ಲಿ ಚಾಕರಿ ಮಾಡಿ, ಊರೂರು ಅಲೆದು, ಫ್ರಾನ್ಸನ್ನು ಸೇರಿದವಳು. ಅಕ್ಷರಾಭ್ಯಾಸವು ಇಲ್ಲವೆನ್ನುವಷ್ಟು ಕಡಮೆ. ಕಾರ್ಮೆಲ್ ಸಭೆಗೆ ಹೆಸರನ್ನು ಕೊಟ್ಟ ಬೆಟ್ಟವು ಆಕೆಯ ಹುಟ್ಟೂರಿಗೆ ಸಮೀಪವೇ ಉಂಟು. ಯೂರೋಪನ್ನು ಸುತ್ತಿ ಅರಬ್ಬೀ ಸಮುದ್ರದ ಈ ದಡಕ್ಕೆ ಬಂದ ಸಭೆಯಲ್ಲಿ ಆ ಬೆಟ್ಟದ ನೆರೆಯವಳೆಂದರೆ ಈ ಬಡ ಸೇವಕಿಯೇ.

1871ರ ನವೆಂಬರ್ 21ರಂದು ಆಕೆ ಮಂಗಳೂರಿನಲ್ಲಿ ವ್ರತವನ್ನು ಸ್ವೀಕರಿಸಿದಳು. ಆದರೆ ಆಕೆಗೆ ಬರುತ್ತಿದ್ದ ಪರವಶತೆಗಳು ಮಠದಲ್ಲಿ ಸಂಶಯವನ್ನೆಬ್ಬಿಸಿದವು. ಇದು ದೈವಾನುಗ್ರಹವೋ, ಭ್ರಮೆಯೋ, ದುಷ್ಟಶಕ್ತಿಯ ಆಟವೋ ಎಂದು ಹಿರಿಯರು ಶಂಕಿಸಿದರು. ಅನುಭಾವಿಯನ್ನು ಪರೀಕ್ಷಿಸುವುದು ನಮ್ಮವರಿಗೂ ಹೊಸದಲ್ಲ. ಕಲ್ಯಾಣದಲ್ಲಿ ಅಲ್ಲಮಪ್ರಭುವು ಅಕ್ಕಮಹಾದೇವಿಯನ್ನು ಪ್ರಶ್ನಿಸಿದ ಸಂದರ್ಭವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸುತ್ತದೆ. ಅಕ್ಕನಿಗೆ ಉತ್ತರ ಕೊಡುವ ಮಾತು ಇದ್ದಿತು, ಕೇಳುವ ಸಭೆಯೂ ಇದ್ದಿತು. ಮರಿಯಮಳಿಗೆ ಬರುತ್ತಿದ್ದ ಫ್ರೆಂಚು ಅರೆಬರೆ. 1872ರಲ್ಲಿ ಆಕೆಯನ್ನು ಫ್ರಾನ್ಸಿಗೆ ಹಿಂದಕ್ಕೆ ಕಳುಹಿಸಿದರು.

1875ರಲ್ಲಿ ಆಕೆ ಬೆತ್ಲೆಹೇಮಿಗೆ ಹೋದಳು. ಅಲ್ಲಿ ಹೊಸ ಮಠವನ್ನು ಕಟ್ಟುವಾಗ ಕೆಲಸಗಾರರ ಮಾತನ್ನು ಬಲ್ಲವಳು ಈಕೆಯಾದುದರಿಂದ ಮೇಲ್ವಿಚಾರಣೆಯು ಈಕೆಯ ಪಾಲಿಗೆ ಬಂದಿತು. ಅವರಿಗೆ ಕುಡಿಯುವ ನೀರನ್ನು ಒಯ್ಯುತ್ತಿದ್ದಾಗ ಬಿದ್ದು ಪೆಟ್ಟಾಗಿ, ಆ ಗಾಯವು ಕೊಳೆತು, 1878ರ ಆಗಸ್ಟ್ 26ರಂದು ಮರಣ ಹೊಂದಿದಳು. ಆಗ ವಯಸ್ಸು ಮೂವತ್ತೆರಡು. 2015ರ ಮೇ 17ರಂದು ರೋಮಿನಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ಮಂಗಳೂರು ಹಿಂದಕ್ಕೆ ಕಳುಹಿಸಿದವಳಿಗೆ ಆ ಹೆಸರು ದೊರೆಯಲು ನೂರ ನಲವತ್ತಮೂರು ವರ್ಷಗಳು ಹಿಡಿದವು.

ಇನ್ನು ತೆರೆದ ಬಾಗಿಲಿನ ಕಥೆ. ಕಾನ್‌ಸ್ಟಾಂಟಿನೋಪಲಿನಲ್ಲಿ ಆಂಗ್ಲ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಮದರ್ ವೆರೊನಿಕಾ ಅವರು 1868ರಲ್ಲಿ ಬಯೋನ್ ಪಟ್ಟಣದಲ್ಲಿ ಸ್ಥಾಪಿಸಿದ ಅಪೊಸ್ತಲಿಕ ಕಾರ್ಮೆಲ್ ಸಭೆಯ ಮೂವರು ಸೋದರಿಯರು 1870ರ ನವೆಂಬರ್ 19ರಂದು ಮಂಗಳೂರಿಗೆ ಬಂದಿಳಿದರು. ಅವರು ಸಂತ ಆ್ಯನ್ನರ ಹೆಸರಿನ ಮಠದಿಂದ ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಕೈಗೊಂಡರು. 1921ರಲ್ಲಿ ಅದೇ ಸಭೆಯು ಸಂತ ಆ್ಯಗ್ನೆಸ್ ಕಾಲೇಜನ್ನು ತೆರೆಯಿತು. ಈ ವೆರೊನಿಕಾ ಅವರೇ 1867ರಲ್ಲಿ ಮರಿಯಮಳ ಕೈಹಿಡಿದು ಪೋ ಪಟ್ಟಣದ ಮಠಕ್ಕೆ ಕರೆದೊಯ್ದವರು. ಬೇರೊಂದು ಸಭೆಯು ತನಗೆ ಬೇಡವೆಂದ ಹುಡುಗಿಯನ್ನು ಅವರು ಬಿಡಲಿಲ್ಲ. ಆದುದರಿಂದ ಮಂಗಳೂರಿನ ಈ ಎರಡು ಬಾಗಿಲುಗಳು ಒಂದೇ ಸ್ನೇಹದಿಂದ ಹತ್ತಿರವಾದವು.

ಶಾಲೆಗೆ ಹಾಜರಿ ಪುಸ್ತಕವಿರುತ್ತದೆ, ಪದವೀಧರೆಯರ ಪಟ್ಟಿಯಿರುತ್ತದೆ. ಅದರ ಉಪಕಾರವನ್ನು ಎಣಿಸಬಹುದು, ಎಣಿಸಲೇಬೇಕು. ಮೌನಕ್ಕೆ ಅಂತಹ ಲೆಕ್ಕವಿಲ್ಲ. ಚರಿತ್ರಕಾರನು ಬರೆದಿಟ್ಟುದನ್ನು ನಂಬಿ ನಡೆಯುವವನಾದುದರಿಂದ, ಓದುಬರಹವಿಲ್ಲದ ಸೇವಕಿಯು ಅವನ ಕೈಗೆ ಸುಲಭವಾಗಿ ಸಿಕ್ಕುವುದಿಲ್ಲ. ಮರಿಯಮಳು ನಮಗೆ ಸಿಕ್ಕಿದುದು ಆಕೆಯನ್ನು ಕಂಡವರು ಬರೆದಿಟ್ಟುದರಿಂದ. ಹಾಗೆ ಯಾರೂ ಬರೆದಿಡದೆ ಹೋದವರು ಈ ಕರಾವಳಿಯ ಇಗರ್ಜಿ, ಬಸದಿ, ಮಠಗಳ ನೆರಳಿನಲ್ಲಿ ಎಷ್ಟೋ ಮಂದಿ ಇದ್ದಾರು. ಹಳೆಯ ಕಟ್ಟಡವನ್ನು ನೋಡುವಾಗ ಅದರ ಕಂಬಗಳ ಎತ್ತರವನ್ನಷ್ಟೇ ಅಳೆಯದೆ, ಅಲ್ಲಿ ನೀರು ಹೊತ್ತವರು ಯಾರೆಂದೂ ಕೇಳುವುದು ಉಚಿತ.